ಲ್ಯಾಬ್ ಮೆಂಬ್ರೇನ್ ಕಂಪನಿಯ ಪೈಲಟ್‌ಗೆ ಹೋಗುತ್ತಿದೆ: ಎಷ್ಟು ದೊಡ್ಡದಿರಬೇಕು, ಒಪ್ಪಂದದಲ್ಲಿ ಏನಿರಬೇಕು?

ತೆಳುಪದರ (ಪ್ರಶ್ನೆ)

ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ತಯಾರಾದ ಪಾಲಿಅಮೈಡ್ ಆರ್‌ಒ ಮೆಂಬ್ರೇನ್ (ಒತ್ತಡದಲ್ಲಿ ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳು ಹಾಳೆ) ಇದು. 140 ಚದರ ಸೆಂ.ಮೀ. ತುಂಡಿನ ಮೇಲೆ, 2,000 ಪಿಪಿಎಂ ಉಪ್ಪುನೀರು, 15.5 ಬಾರ್, 25 ಡಿಗ್ರಿಯಲ್ಲಿ ಮಾರುಕಟ್ಟೆಯ ಮೆಂಬ್ರೇನ್‌ಗಿಂತ ಸುಮಾರು ಒಂದೂವರೆ ಪಟ್ಟು ನೀರು ಕೊಡುತ್ತಿದೆ. ಉಪ್ಪು 99%ಗಿಂತ ಹೆಚ್ಚು ತಡೆಯುತ್ತಿದೆ. ಕೊಳಚೆನೀರು ಶುದ್ಧೀಕರಿಸಿ ಮರುಬಳಕೆಗೆ ಕೊಡುವ ಕಂಪನಿಯೊಂದು ಆರು ತಿಂಗಳ ಪೈಲಟ್‌ಗೆ (ಘಟಕದಲ್ಲೇ ನಡೆಸುವ ಪ್ರಾಯೋಗಿಕ ಪರೀಕ್ಷೆಗೆ) ಒಪ್ಪಿದೆ. ಅವರ ಘಟಕದ ರಿಕವರಿ, ಅಂದರೆ ಒಳಹೋದ ನೀರಿನಲ್ಲಿ ಶುದ್ಧವಾಗಿ ಹೊರಬರುವ ಪಾಲು, 75%. ಸಹಿ ಹಾಕುವ ಮುಂಚೆ ಎರಡು ವಿಷಯ ತಿಳಿಯಬೇಕು. ಪೈಲಟ್ ಎಷ್ಟು ದೊಡ್ಡದಿರಬೇಕು? ಒಪ್ಪಂದದಲ್ಲಿ ಯಾವ ಅಂಶಗಳನ್ನು ಬಿಡಲೇಬಾರದು? ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿ ಪ್ರಬಂಧವೂ ಇದೇ ಕೆಲಸದ ಮೇಲಿದೆ.

ಸುರುಳಿ_ಮಾಡ್ಯೂಲ್

ಪೈಲಟ್‌ಗೂ ಮುಂಚೆ ಬರಬೇಕಾದ ಒಂದು ಹಂತ ನಿಮ್ಮ ಪ್ರಶ್ನೆಯಲ್ಲಿಲ್ಲ. ಅದು ರೋಲ್ ತಯಾರಿಕೆ. ಲ್ಯಾಬ್‌ನಲ್ಲಿ ಚೌಕಟ್ಟಿನೊಳಗೆ ಎಂಪಿಡಿ (ಪದರ ಕಟ್ಟುವ ಎರಡು ರಾಸಾಯನಿಕಗಳಲ್ಲಿ ಮೊದಲನೆಯದು) ದ್ರಾವಣ ಸುರಿದು, ಹೆಚ್ಚಾದದ್ದನ್ನು ರಬ್ಬರ್ ರೋಲರ್‌ನಿಂದ ಒತ್ತಿ ತೆಗೆದು, ಮೇಲೆ ಎರಡನೆಯದಾದ ಟಿಎಂಸಿ ಹಾಕಿ ಒಂದು ನಿಮಿಷ ಕಾಯುವುದು ರೂಢಿ. ಕೋಟಿಂಗ್ ಯಂತ್ರದಲ್ಲಿ ಸುಮಾರು ಒಂದು ಮೀಟರ್ ಅಗಲದ ಹಾಳೆ ನಿಲ್ಲದೆ ಓಡುತ್ತಿರುತ್ತದೆ, ಆ ಪ್ರತಿಕ್ರಿಯೆಗೆ ಕೆಲವೇ ಸೆಕೆಂಡು ಸಿಗುತ್ತದೆ. ಹಾಳೆಯ ಮೇಲೆ ನೀರಿನ ಹನಿ ಉಳಿದ ಕಡೆ ಪದರ ಸರಿಯಾಗಿ ಕೂಡುವುದಿಲ್ಲ, ಸೂಜಿಮೊನೆಯಷ್ಟು ರಂಧ್ರ ಉಳಿದುಬಿಡುತ್ತದೆ. 140 ಚದರ ಸೆಂ.ಮೀ. ಬೇಕಾದಾಗ ಹಾಳೆಯಲ್ಲಿ ಚೆನ್ನಾಗಿರುವ ಜಾಗ ನೋಡಿ ಕತ್ತರಿಸಿಕೊಳ್ಳಬಹುದು. 4040 ಮಾಡ್ಯೂಲಿಗೆ (ಹಾಳೆಯನ್ನು ಸುರುಳಿ ಸುತ್ತಿದ, 4 ಇಂಚು ವ್ಯಾಸ, 40 ಇಂಚು ಉದ್ದದ ಘಟಕ) ಸುಮಾರು 7.9 ಚದರ ಮೀಟರ್ ಬೇಕು, ಅಂದರೆ ಅಂಥ 560ಕ್ಕೂ ಹೆಚ್ಚು ತುಂಡುಗಳಷ್ಟು. ಅಲ್ಲಿ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಉಪ್ಪಿನ ತಡೆ 99.5ರಿಂದ 99ಕ್ಕೆ ಇಳಿದರೆ ಕಾಗದದ ಮೇಲೆ ಅರ್ಧ ಶೇಕಡಾ, ನೀರಿನಲ್ಲಿ ಎರಡು ಪಟ್ಟು ಉಪ್ಪು.

ಹಾಗಾಗಿ ಮೊದಲು 2540 (ಎರಡೂವರೆ ಇಂಚು ವ್ಯಾಸದ ಚಿಕ್ಕ ಮಾಡ್ಯೂಲ್) ಸುತ್ತಿಸಿ, 2.6 ಚದರ ಮೀಟರ್ ಸಾಕು. ಸುತ್ತಿದ ಮೇಲೆ ವ್ಯಾಕ್ಯೂಮ್ ಹಿಡಿದು ನೋಡಿ, ಅಂಟಿನ ಗೆರೆ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ನೀರು ಹರಿಸುವಾಗ ಪರ್ಮಿಯೇಟ್ (ಮೆಂಬ್ರೇನ್ ದಾಟಿ ಬಂದ ಶುದ್ಧ ನೀರು) ಪೈಪಿನೊಳಗೆ ತೆಳು ಟ್ಯೂಬ್ ತೂರಿಸಿ, ಒಂದಿಷ್ಟು ದೂರಕ್ಕೊಮ್ಮೆ ಕಂಡಕ್ಟಿವಿಟಿ (ನೀರಿನಲ್ಲಿ ಉಪ್ಪು ಎಷ್ಟಿದೆ ಎಂಬುದರ ಸೂಚಕ) ಅಳೆಯಿರಿ. ತುದಿಯಲ್ಲಿ ಮಾತ್ರ ಏರಿದ್ದರೆ ಅದು ಓ-ರಿಂಗ್ ಸೋರಿಕೆ, ಮೆಂಬ್ರೇನಿನ ದೋಷವಲ್ಲ. ಈ ಪರೀಕ್ಷೆ ಮಾಡದೆ ಮೆಂಬ್ರೇನನ್ನು ತಿರಸ್ಕರಿಸಿದರೆ ಅನ್ಯಾಯವಾಗುತ್ತದೆ.

ಇನ್ನೊಂದು ಮಾತು. "ಒಂದೂವರೆ ಪಟ್ಟು ನೀರು" ಎಂಬುದನ್ನೇ ಕಂಪನಿಗೆ ಮುಖ್ಯ ಲಾಭವೆಂದು ಹೇಳಬೇಡಿ. ಕೊಳಚೆನೀರಿನ ಮರುಬಳಕೆಯಲ್ಲಿ ಫ್ಲಕ್ಸನ್ನು (ಮೆಂಬ್ರೇನ್ ಮೂಲಕ ಹರಿಯುವ ನೀರಿನ ಪ್ರಮಾಣ) ಚದರ ಮೀಟರಿಗೆ ಗಂಟೆಗೆ 20 ಲೀಟರ್ ಆಸುಪಾಸಿನಲ್ಲೇ ಇಡಬೇಕಾಗುತ್ತದೆ. ಅದಕ್ಕಿಂತ ಎಳೆದರೆ ಫೌಲಿಂಗ್, ಅಂದರೆ ಮೇಲ್ಮೈಗೆ ಕೊಳೆ, ಹತ್ತಿಕೊಳ್ಳುತ್ತದೆ, ಯಾರ ಮೆಂಬ್ರೇನ್ ಆದರೂ ಅಷ್ಟೆ. ನಿಮ್ಮದರ ನಿಜವಾದ ಲಾಭ ಅಷ್ಟೇ ನೀರನ್ನು ಕಡಿಮೆ ಒತ್ತಡದಲ್ಲಿ ಕೊಡುವುದು. ಫ್ಲಕ್ಸ್ ಸ್ಥಿರವಾಗಿಟ್ಟು ಒತ್ತಡ ಎಷ್ಟು ಬೇಕಾಯಿತು ಎಂದು ಅಳೆಯುವ ಪೈಲಟ್ ಮಾಡಿಸಿ.

ಕರಾರುಪತ್ರ

ಒಪ್ಪಂದದ ಬಗ್ಗೆ ಹೇಳುತ್ತೇನೆ. ವಿಶ್ವವಿದ್ಯಾಲಯದ ಕಾನೂನು ವಿಭಾಗ ಮಾಲೀಕತ್ವದ ಪುಟಗಳನ್ನು ಎಚ್ಚರಿಕೆಯಿಂದ ನೋಡುತ್ತದೆ, ತಾಂತ್ರಿಕ ಅನುಬಂಧವನ್ನು ಖಾಲಿ ಬಿಡುತ್ತದೆ. ಜಗಳ ಹುಟ್ಟುವುದು ಆ ಖಾಲಿ ಜಾಗದಲ್ಲಿ.

ಪೈಲಟ್ ಗೆದ್ದಿತು ಅಥವಾ ಸೋತಿತು ಎಂದು ಯಾವ ಅಂಕಿಯ ಮೇಲೆ ಹೇಳುತ್ತೀರಿ ಎಂಬುದನ್ನು ನೀರು ಹರಿಯುವ ಮುಂಚೆ ಬರೆಯಿಸಿ. ಉದಾಹರಣೆಗೆ: 25 ಡಿಗ್ರಿಗೆ ಸರಿಹೊಂದಿಸಿದ ಲೆಕ್ಕದಲ್ಲಿ, 20 ಲೀಟರ್ ಫ್ಲಕ್ಸ್‌ಗೆ ಬೇಕಾದ ಒತ್ತಡ ಹೋಲಿಕೆಯ ಮಾಡ್ಯೂಲಿಗಿಂತ ಇಂತಿಷ್ಟು ಬಾರ್ ಕಡಿಮೆ, ಉಪ್ಪು ಸೋರಿಕೆ ಅದಕ್ಕಿಂತ ಹೆಚ್ಚಲ್ಲ, ಎರಡು ತೊಳೆತಗಳ ನಡುವಿನ ಅವಧಿ ಅದಕ್ಕಿಂತ ಕಡಿಮೆಯಲ್ಲ. ನೀರಿನ ತಾಪಮಾನ ಒಂದು ಡಿಗ್ರಿ ಏರಿದರೆ ಸುಮಾರು 3% ನೀರು ಹೆಚ್ಚು ಬರುತ್ತದೆ. ಈ ತಿದ್ದುಪಡಿಯ ಸೂತ್ರವನ್ನೂ ಅನುಬಂಧದಲ್ಲೇ ಹಾಕಿ, ಇಲ್ಲದಿದ್ದರೆ ಬೇಸಿಗೆ ಬಂದಾಗ ಎಲ್ಲವೂ ಸುಧಾರಿಸಿದಂತೆ ಕಾಣುತ್ತದೆ.

ತೊಳೆಯುವುದು ಯಾವಾಗ ಎಂಬುದೂ ಅಲ್ಲೇ ಇರಲಿ. ಸರಿಹೊಂದಿಸಿದ ಹರಿವು 10ರಿಂದ 15% ಇಳಿದಾಗ, ಅಥವಾ ಒತ್ತಡದ ಅಂತರ 15% ಏರಿದಾಗ ತೊಳೆಯುವುದು ಸಾಮಾನ್ಯ ಪದ್ಧತಿ. ಮೊದಲು ಕ್ಷಾರ, ಆಮೇಲೆ ಆಮ್ಲ. ಸಾವಯವ ಕೊಳೆ ಇದ್ದಾಗ ಆಮ್ಲವನ್ನು ಮೊದಲು ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ನಿಮ್ಮ ಪದರ ಎಷ್ಟು ಪಿಎಚ್ ತಾಳುತ್ತದೆ ಎಂದು ಮೊದಲೇ ಲಿಖಿತವಾಗಿ ಕೊಡಿ. ಘಟಕದ ಆಪರೇಟರ್ ತನಗೆ ರೂಢಿಯಿರುವ ಪಿಎಚ್ 12ರ ದ್ರಾವಣವನ್ನೇ ಹಾಕುತ್ತಾನೆ, ಅದು ಅವನ ತಪ್ಪಲ್ಲ.

ಪ್ರಬಂಧದ ವಿಷಯ: ಪೇಟೆಂಟ್ ಅರ್ಜಿ ಸಲ್ಲಿಸುವ ಮುಂಚೆ ವಿಷಯ ಬಹಿರಂಗವಾದರೆ ಅನೇಕ ದೇಶಗಳಲ್ಲಿ ಹೊಸತನದ ಹಕ್ಕೇ ಹೋಗುತ್ತದೆ. ಸಾರ್ವಜನಿಕವಾಗಿ ನಡೆಯುವ ಪಿಎಚ್‌ಡಿ ಮೌಖಿಕ ಪರೀಕ್ಷೆ, ಗ್ರಂಥಾಲಯಕ್ಕೆ ಹೋದ ಪ್ರಬಂಧ ಎರಡೂ ಬಹಿರಂಗವೇ. ಅರ್ಜಿ ಮೊದಲು ಸಲ್ಲಲಿ. ಕಂಪನಿಗೆ ಪ್ರಕಟಣೆಯ ಕರಡು ನೋಡಲು 60 ಅಥವಾ 90 ದಿನ ಕೊಡಿ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆಯೆಂದೇ ಅರ್ಥ ಎಂದು ಸೇರಿಸಿ. ಕೆಟ್ಟ ಫಲಿತಾಂಶವನ್ನೂ ಪ್ರಕಟಿಸುವ ಹಕ್ಕು ವಿದ್ಯಾರ್ಥಿಗಿರಬೇಕು. ಅದಕ್ಕೆ ಒಪ್ಪದ ಒಪ್ಪಂದಕ್ಕೆ ವಿದ್ಯಾರ್ಥಿಯನ್ನು ಸೇರಿಸಬಾರದು. ಮೊದಲೇ ಇದ್ದ ಜ್ಞಾನ ಯಾರದು, ಪೈಲಟ್‌ನಲ್ಲಿ ಹುಟ್ಟಿದ್ದು ಯಾರದು ಎಂಬ ಎರಡು ಪಟ್ಟಿ ಬೇರೆಬೇರೆ ಇರಲಿ. ಕಂಪನಿಗೆ ಲೈಸೆನ್ಸ್ ಕೊಡುವುದಾದರೆ ಕೊಳಚೆನೀರಿನ ಮರುಬಳಕೆಗೆ ಮಾತ್ರ ಸೀಮಿತಗೊಳಿಸಿ, ಸಮುದ್ರದ ನೀರು, ಹಾಲಿನ ಉದ್ಯಮ ಮುಂತಾದವು ನಿಮ್ಮ ಕೈಯಲ್ಲೇ ಉಳಿಯಲಿ.

ತೆಳುಪದರ

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಕಂಪನಿಯವರು ಒಂದೇ ವೆಸೆಲ್ (ಮಾಡ್ಯೂಲ್ ಕೂರುವ ಒತ್ತಡದ ಕೊಳವೆ) ಇರುವ ಸ್ಕಿಡ್ (ಪಂಪ್, ಪೈಪ್ ಜೋಡಿಸಿದ ಚೌಕಟ್ಟು) ಕೊಡುತ್ತೇವೆ, ಒಂದು 4040 ಹಾಕಿ ಎನ್ನುತ್ತಿದ್ದಾರೆ. ಅದರಲ್ಲಿ 75% ರಿಕವರಿ ತೋರಿಸಲು ಸಾಧ್ಯವೇ?

ಸುರುಳಿ_ಮಾಡ್ಯೂಲ್

ನೇರವಾಗಿ ಆಗುವುದಿಲ್ಲ. 7.9 ಚದರ ಮೀಟರಿಗೆ 20 ಲೀಟರ್ ಅಂದರೆ ಗಂಟೆಗೆ 158 ಲೀಟರ್ ಪರ್ಮಿಯೇಟ್. ಒಂದೇ ಮಾಡ್ಯೂಲನ್ನು 15% ರಿಕವರಿಯ ಆಸುಪಾಸಿನಲ್ಲಿ ನಡೆಸಬೇಕು, ಅದಕ್ಕೆ ಸುಮಾರು 1,050 ಲೀಟರ್ ಫೀಡ್ (ಶುದ್ಧೀಕರಿಸಬೇಕಾದ ನೀರು) ಒಳಗೆ ಹೋಗಬೇಕು. ಫೀಡ್ ತೀರಾ ಕಡಿಮೆ ಮಾಡಿದರೆ ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವ ವೇಗವೇ ಇರದೆ ಉಪ್ಪು ಅಲ್ಲೇ ಕೂರುತ್ತದೆ.

ದಾರಿ ಇದೆ, ರಿಜೆಕ್ಟನ್ನು (ಮೆಂಬ್ರೇನ್ ದಾಟದೆ ಉಳಿದ ಉಪ್ಪುನೀರು) ಮತ್ತೆ ಫೀಡಿಗೆ ತಿರುಗಿಸಬೇಕು. ಹೊಸ ನೀರು 211 ಲೀಟರ್, ಹೊರಗೆ ಬಿಡುವುದು 53, ತಿರುಗುವುದು ಸುಮಾರು 840. ಆಗ ಒಟ್ಟು ರಿಕವರಿ 75%, ರಿಜೆಕ್ಟ್ ಫೀಡಿಗಿಂತ ಸುಮಾರು 4 ಪಟ್ಟು ಗಟ್ಟಿ. ಆದರೆ ಆ ಮಾಡ್ಯೂಲ್ ಈಗ ದೊಡ್ಡ ಘಟಕದ ಕಟ್ಟಕಡೆಯ ಮಾಡ್ಯೂಲಿನ ಸ್ಥಿತಿಯಲ್ಲಿದೆ. ಸಿಲಿಕಾ, ಕ್ಯಾಲ್ಸಿಯಂ ಫಾಸ್ಫೇಟ್ ಹೇಗೆ ಕೂರುತ್ತವೆ ಎಂದು ತೋರಿಸುತ್ತದೆ. ಜೈವಿಕ ಫೌಲಿಂಗ್ ಹೆಚ್ಚಾಗಿ ಹತ್ತುವುದು ಮೊದಲ ಮಾಡ್ಯೂಲಿಗೆ, ತಾಜಾ ಫೀಡಿನಲ್ಲಿ. ಅದರ ಬಗ್ಗೆ ಈ ವೆಸೆಲ್ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಎರಡು ಜಾಗ ಬೇಕು: ಒಂದು ತಿರುಗಿಸದೆ, ಒಂದು ತಿರುಗಿಸಿ. ಪ್ರತಿ ಜಾಗದಲ್ಲೂ ನಿಮ್ಮದರ ಪಕ್ಕದಲ್ಲಿ ಮಾರುಕಟ್ಟೆಯ ಒಂದು ಮಾಡ್ಯೂಲ್, ಅದೇ ಫೀಡ್, ಅದೇ ಫ್ಲಕ್ಸ್. ಒಟ್ಟು ನಾಲ್ಕು ವೆಸೆಲ್. ಖರ್ಚು ತಗ್ಗಿಸಲೇಬೇಕೆಂದರೆ 2540ಕ್ಕೆ ಇಳಿಯಿರಿ, ಹೋಲಿಕೆಯ ಮಾಡ್ಯೂಲನ್ನು ಮಾತ್ರ ಬಿಡಬೇಡಿ. ಹೋಲಿಕೆ ಇಲ್ಲದ ಆರು ತಿಂಗಳ ಅಂಕಿ ಮೆಂಬ್ರೇನಿನ ಬಗ್ಗೆ ಹೇಳುತ್ತಿದೆಯೋ ಆ ವರ್ಷದ ಕೊಳಚೆನೀರಿನ ಬಗ್ಗೆ ಹೇಳುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ತಿರುಗಿಸುವ ಕಡೆ ಪಂಪ್ ನೀರನ್ನು ಬಿಸಿ ಮಾಡುತ್ತದೆ, ಹೀಟ್ ಎಕ್ಸ್‌ಚೇಂಜರ್ ಇರಲಿ. ಇಂಥ ಘಟಕಗಳಲ್ಲಿ ಫೀಡಿಗೆ ಸಾಮಾನ್ಯವಾಗಿ ಕ್ಲೋರಮೀನ್ (ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುವ ಕ್ಲೋರಿನ್ ಸಂಯುಕ್ತ) ಹಾಕಿರುತ್ತಾರೆ. ಮಾರುಕಟ್ಟೆಯ ಪಾಲಿಅಮೈಡ್ ಅದನ್ನು ತಾಳಿಕೊಳ್ಳುತ್ತದೆ, ನೀರಿನಲ್ಲಿ ಕಬ್ಬಿಣ ಇದ್ದರೆ ಆ ಪಾಲಿಅಮೈಡೂ ಸವೆಯುತ್ತದೆ. ನಿಮ್ಮ ಪದರವನ್ನು ಅವರದೇ ಫೀಡಿನಲ್ಲಿ ಕೆಲವು ವಾರ ನೆನೆಸಿ, ಉಪ್ಪಿನ ತಡೆ ಮತ್ತೆ ಅಳೆದ ನಂತರವೇ ಮಾಡ್ಯೂಲ್ ಕಳಿಸಿ.

ಹರಳುಕೆಸರು

ಮೆಂಬ್ರೇನ್ ಬಿಟ್ಟು ಜೈವಿಕ ಪ್ರಕ್ರಿಯೆ ತರುವವರು ಅವಧಿಯ ಕಲಂ ಅನ್ನು ಬೇರೆ ಥರ ಬರೆಯಬೇಕು. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಪಾಕ್ಸ್ ಕಂಪನಿ ಸೇರಿ ರೋಟರ್‌ಡ್ಯಾಮ್‌ನಲ್ಲಿ 2002ರಲ್ಲಿ ಆರಂಭಿಸಿದ ಮೊದಲ ಪೂರ್ಣ ಗಾತ್ರದ ಅನಾಮಾಕ್ಸ್ (ಆಮ್ಲಜನಕವಿಲ್ಲದೆ ಅಮೋನಿಯ ತೆಗೆಯುವ ಬ್ಯಾಕ್ಟೀರಿಯಾ ಬಳಸುವ) ರಿಯಾಕ್ಟರ್ 70 ಘನ ಮೀಟರ್‌ನದು. ಲ್ಯಾಬ್‌ನಿಂದ ನೇರ ಆ ಗಾತ್ರಕ್ಕೆ ಹೋದರು, ಸ್ಥಿರವಾಗಲು ಮೂರೂವರೆ ವರ್ಷ ಹಿಡಿಯಿತು. ಆ ಬ್ಯಾಕ್ಟೀರಿಯಾ ದುಪ್ಪಟ್ಟಾಗಲು ಸುಮಾರು 10ರಿಂದ 12 ದಿನ ಬೇಕು, ಬೀಜಕ್ಕೆ, ಅಂದರೆ ಆರಂಭದ ಬ್ಯಾಕ್ಟೀರಿಯಾ ತರಲು, ಇನ್ನೊಂದು ದೊಡ್ಡ ರಿಯಾಕ್ಟರ್ ಎಲ್ಲೂ ಇರಲಿಲ್ಲ. ಆರು ತಿಂಗಳ ಕರಾರಾಗಿದ್ದರೆ ಅದು ವೈಫಲ್ಯವೆಂದೇ ದಾಖಲಾಗುತ್ತಿತ್ತು. ಪೈಲಟ್ ಅವಧಿಯನ್ನು ಉಪಕರಣ ಬಂದ ದಿನದಿಂದ ಎಣಿಸಬೇಡಿ, ಪ್ರಕ್ರಿಯೆ ಸ್ಥಿರವಾದ ದಿನದಿಂದ ಎಣಿಸಿ. ಸ್ಥಿರ ಅಂದರೇನು ಎಂಬುದನ್ನೂ ಅಂಕಿಯಲ್ಲೇ ಬರೆಯಿರಿ.

ಕರಾರುಪತ್ರ

ಅದು ಮೆಂಬ್ರೇನಿಗೂ ಅನ್ವಯಿಸುತ್ತದೆ. ಹೊಸ ಮಾಡ್ಯೂಲ್ ಒತ್ತಡಕ್ಕೆ ಸಿಕ್ಕಿ ಅಮುಕಿಕೊಳ್ಳುವ ಮೊದಲ ದಿನಗಳನ್ನು ಬಿಟ್ಟು ಎಣಿಸಿ.

ಇನ್ನೆರಡು ಸಾಲು ಸೇರಿಸಿ. ಸೆನ್ಸರ್‌ಗಳ ಕಚ್ಚಾ ಅಂಕಿಗಳು, ಸರಾಸರಿ ಅಲ್ಲ, ಎರಡೂ ಕಡೆಗೆ ಒಂದೇ ದಿನ ತಲುಪಬೇಕು. ಫೀಡಿನ ಉಪ್ಪು ಪರ್ಮಿಯೇಟ್ ಮತ್ತು ರಿಜೆಕ್ಟಿನ ಮೊತ್ತಕ್ಕೆ 5% ಒಳಗೆ ತಾಳೆಯಾಗದಿದ್ದರೆ ಆ ದಿನದ ಅಂಕಿಯನ್ನು ಬದಿಗಿಟ್ಟು ಫ್ಲೋಮೀಟರ್ ಪರೀಕ್ಷಿಸಬೇಕು. ಮತ್ತೆ, ಪೈಲಟ್ ಮುಗಿದಾಗ ಮಾಡ್ಯೂಲ್‌ಗಳು ಯಾರಿಗೆ ಸೇರುತ್ತವೆ ಎಂದು ಬರೆಯಿಸಿ. ಅವನ್ನು ಒಣಗಲು ಬಿಡದೆ ಚೀಲದಲ್ಲಿ ಮುಚ್ಚಿ, ತಣ್ಣಗಿಟ್ಟು ಲ್ಯಾಬ್‌ಗೆ ತರಬೇಕು, ಬಿಚ್ಚಿ ನೋಡಬೇಕು. ಎಷ್ಟೋ ಕಡೆ ಸ್ಕಿಡ್ ಖಾಲಿ ಮಾಡುವ ಆತುರದಲ್ಲಿ ಅವು ಕಸಕ್ಕೆ ಹೋಗುತ್ತವೆ.