ಕರೆಂಟ್ ಹೋದ ಸಂಜೆ ಚೌಕಾಬಾರ ಆಡಿದೆವು. ಈ ವಾರ ನಿಮಗೆ ಖುಷಿ ಕೊಟ್ಟಿದ್ದೇನು?

ಕವಡೆ_ಮೈಸೂರು

ಬುಧವಾರ ಸಂಜೆ ನಮ್ಮ ಬೀದಿಯಲ್ಲಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಮಗಳ ಟ್ಯಾಬ್‌ನಲ್ಲಿ ಚಾರ್ಜ್ ಮುಗಿದಿತ್ತು. ಅವಳು ಬೇಜಾರು ಅಂತ ಮೂರನೇ ಸಲ ಹೇಳಿದಾಗ ಅತ್ತೆ ಎದ್ದು ಹೋಗಿ ದೇವರ ಮನೆಯ ಗೂಡಿನಿಂದ 4 ಕವಡೆ ತಂದರು. ಹಜಾರದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ 5, ಅಡ್ಡಕ್ಕೆ 5 ಮನೆ ಬರೆದರು. ದೀಪದ ಬೆಳಕಲ್ಲಿ, ಸ್ಕೇಲೂ ಇಲ್ಲದೆ, ಒಂದು ಗೆರೆಯೂ ಸೊಟ್ಟ ಬರಲಿಲ್ಲ.

ಅತ್ತೆಗೆ ಕೆಂಪು ಬಳೆ ಚೂರು, ನನಗೆ ಹುಣಸೆ ಬೀಜ, ಮಗಳಿಗೆ ಶರ್ಟಿನ ಗುಂಡಿ. ತಲಾ ನಾಲ್ಕು ಕಾಯಿ. ಅತ್ತೆಗೆ ಈಗ 72. ದಿನವಿಡೀ ನಾಲ್ಕು ಮಾತು ಆಡಿದರೆ ಜಾಸ್ತಿ. ಅವರು ಎರಡೂ ಅಂಗೈ ಸೇರಿಸಿ ಕವಡೆಗಳನ್ನ ಉಜ್ಜಿ, ಕಿವಿ ಹತ್ತಿರ ಒಂದು ಸಲ ಕುಲುಕಿ, ನೆಲಕ್ಕೆ ತೀರಾ ಹತ್ತಿರದಿಂದ ಬಿಡುತ್ತಿದ್ದರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದ್ರೆ 8. ಎರಡರಲ್ಲಿ ಯಾವುದು ಬಿದ್ದರೂ ಮತ್ತೊಂದು ಸಲ ಹಾಕಬಹುದು. ಅತ್ತೆಗೆ ಸಾಲಾಗಿ ಎರಡು ಬಾರ ಬಿತ್ತು ನೋಡಿ, "ಕಡಿದೆ!" ಅಂತ ಕೂಗಿ ನನ್ನ ಹುಣಸೆ ಬೀಜ ಎತ್ತಿ ಮನೆಗೆ ಕಳಿಸಿದರು. ಮದುವೆಯಾಗಿ 14 ವರ್ಷ ಆಯ್ತು, ಅವರ ಅಷ್ಟು ದೊಡ್ಡ ದನಿ ನಾನು ಕೇಳಿರಲೇ ಇಲ್ಲ. ಕರೆಂಟ್ ಬಂದ ಮೇಲೂ ಯಾರೂ ಏಳಲಿಲ್ಲ.

ಒಂದು ಅನುಮಾನ ಇದೆ. ಎದುರಾಳಿಯ ಒಂದು ಕಾಯಾದರೂ ಕಡಿದ ಮೇಲೇ ಒಳಸುತ್ತಿಗೆ ಹೋಗಬೇಕು ಅಂತಾರೆ ಅತ್ತೆ. ನಮ್ಮ ತವರಿನಲ್ಲಿ ಹಾಗೇನೂ ಇರಲಿಲ್ಲ. ನಿಮ್ಮ ಕಡೆ ಹೇಗೆ? ಹಾಗೇ ಈ ವಾರ ನಿಮಗೆ ಏನು ಖುಷಿ ಕೊಟ್ಟಿತು ಅಂತಲೂ ಬರೆಯಿರಿ. ದೊಡ್ಡದೇ ಆಗಬೇಕು ಅಂತಿಲ್ಲ.

ಸೊಗಡು

ಅತ್ತೆ ಹೇಳಿದ್ದೇ ಸರಿ ಮೇಡಂ. ನಮ್ಮ ತುಮಕೂರು ಕಡೆಯೂ ಕಡಿಯದೆ ಒಳಗೆ ಬಿಡೋದಿಲ್ಲ. ಆ ನಿಯಮ ಇದ್ದರೇ ಆಟಕ್ಕೆ ಬಿಸಿ. ಇಲ್ಲ ಅಂದ್ರೆ ಹೊರಸುತ್ತಿನ 16 ಮನೆ, ಒಳಸುತ್ತಿನ 8 ಮನೆ ಸುಮ್ನೆ ನಡೆದು ನಡುಮನೆ ಸೇರಿ ಹಣ್ಣಾಗಿಬಿಡಬಹುದು. ಯಾರ ತಂಟೆಗೂ ಹೋಗಬೇಕಿಲ್ಲ.

ನನ್ನ ಖುಷಿ ಅವರೆಕಾಯಿ. ಶನಿವಾರ ಮಾಗಡಿ ಕಾಯಿ ಸಿಕ್ತು, 5 ಕೆಜಿ ತಂದೆ. ಇಬ್ಬನಿ ಬಿದ್ದ ಕಾಯಿ, ಸಿಪ್ಪೆ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ರಾತ್ರಿ ಕಾಳು ನೆನೆಸಿಟ್ಟು, ಭಾನುವಾರ ಬೆಳಿಗ್ಗೆ ನಾನು, ತಮ್ಮ, ಅಪ್ಪ ಮೂವರೂ ಹಿತುಕಲು ಕೂತೆವು. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪಿಚಕ್ ಅಂತ ಹಾರಿ ಬೋಗುಣಿಗೆ ಬೀಳಬೇಕು. ತಮ್ಮ ಕೆಲಸ ಬಿಟ್ಟ ಮೇಲೆ ಅಪ್ಪನಿಗೂ ಅವನಿಗೂ ಮೂರು ತಿಂಗಳಿಂದ ಸರಿಯಾಗಿ ಮಾತಿರಲಿಲ್ಲ. ಕೈಗೆ ಕೆಲಸ ಇದ್ದರೆ ಮಾತು ಹಗುರ ಆಗುತ್ತೆ ಅಲ್ವಾ, ಇಬ್ಬರೂ ಕಾಳು ನೋಡಿಕೊಂಡೇ ಒಂದೂವರೆ ಗಂಟೆ ಮಾತಾಡಿದರು. ಸಾರಿಗೆ ರಾಗಿಮುದ್ದೆ. ಕೈ ಎಷ್ಟು ತೊಳೆದರೂ ಸೊಗಡು ಸೋಮವಾರ ಆಫೀಸಿನವರೆಗೂ ಬಂತು.

ಬಿಳಿಜೋಳ

ನಾನು ವಿಜಯಪುರದ ಕಡೆಯವ. ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ನೈವೇದ್ಯವಾಗಿ ಹೊಲದಲ್ಲಿ ಚರಗ ಚೆಲ್ಲಿ ಬಂದಿದ್ದೆವು. ಈ ವಾರ ಸೀತನಿ ತಿನ್ನಲು ಮತ್ತೆ ಹೋದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜೋಳದ ತೆನೆ ಹಾಲುಗಾಳು ದಾಟಿ ಇನ್ನೂ ಗಟ್ಟಿಯಾಗದ ಹೊತ್ತು ಇರುತ್ತದಲ್ಲ, ಆಗ ಮುರಿದು ತಂದು ಕುಳ್ಳಿನ ಕೆಂಡದಲ್ಲಿ ಸುಡಬೇಕು. ಬಿಸಿ ಇದ್ದಾಗಲೇ ತಿಕ್ಕಿ, ಬೂದಿ ಹೊಟ್ಟು ತೂರಬೇಕು. ಆಮೇಲೆ ಉಳಿಯೋದು ಹಸಿರು ಕಾಳು, ಒಳಗೆ ಮೆತ್ತಗೆ, ಸಿಹಿ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಆ ಹದ ಕೆಲವೇ ದಿನ ಇರುತ್ತೆ. ಹೋದ ವರ್ಷ ರಜೆ ಸಿಗದೆ ತಪ್ಪಿಸಿಕೊಂಡಿದ್ದೆ, ಅದಕ್ಕೇ ಈ ಸಲ ಅಷ್ಟು ಸಂತೋಷ. ನಮ್ಮ ದೊಡ್ಡಪ್ಪ ತಾವು ತಿನ್ನದೆ ಬರೀ ಸುಟ್ಟು ಸುಟ್ಟು ಎಲ್ಲರ ಮುಂದೆ ಸುರಿಯುತ್ತಿದ್ದರು. ಕೊನೆಗೆ ನಾನು ತಿಕ್ಕಿ ಅವರ ಕೈಗೆ ಒಂದು ಬೊಗಸೆ ಹಾಕಿದೆ.

ಕೆಂಪುತೋಟ

ನನ್ನದು ತುಂಬಾ ಸಣ್ಣದು. ಗುರುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಮೇಲೆ ಹದಿನೈದು ನಿಮಿಷ ಸುಮ್ನೆ ಕೂತಿದ್ದೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಳಿಗೆ ತಣ್ಣಗಿತ್ತು, ಬಿಸಿಲು ಬರ್ತಾ ಬರ್ತಾ ಬೆಚ್ಚಗಾಯ್ತು. ಅಷ್ಟೇ.

ಚೌಕಿ

ನಾನು ಕಟೀಲು ಹತ್ತಿರದವಳು. ನಮ್ಮ ಕಡೆ ಈಗ ಆಟದ ಕಾಲ, ಅಂದ್ರೆ ಯಕ್ಷಗಾನದ ಕಾಲ. ಪಕ್ಕದ ಮನೆಯವರ ಹರಕೆ ಆಟ ಇತ್ತು, 'ದೇವಿ ಮಹಾತ್ಮೆ'. ಅಪ್ಪನಿಗೆ ಮೊಣಕಾಲು ನೋವು, ರಾತ್ರಿ ಕೂರಲು ಆಗೋದಿಲ್ಲ ಅಂತ ಎರಡು ವರ್ಷದಿಂದ ಬಿಟ್ಟೇಬಿಟ್ಟಿದ್ದರು. ಈ ಸಲ ಆರಾಮ ಕುರ್ಚಿಯನ್ನೇ ಗದ್ದೆಗೆ ಹೊತ್ತುಕೊಂಡು ಹೋದೆವು. ಮೊದಲು ಚೌಕಿಗೆ, ಅಂದ್ರೆ ವೇಷ ಕಟ್ಟುವ ಜಾಗಕ್ಕೆ ಹೋಗಿ ದೇವರಿಗೆ ಕೈ ಮುಗಿದು, ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿದ್ದವರನ್ನು ಅಪ್ಪ ಬಹಳ ಹೊತ್ತು ನೋಡಿದರು. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರೋದಿಲ್ಲ, ಜನರ ನಡುವಿನಿಂದ ಬರ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಬೆಂಕಿ ಏಳುತ್ತದೆ. ಚೆಂಡೆ ಏರಿತು, ಮಕ್ಕಳೆಲ್ಲ ಚೀರಿದರು, ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಚಿಕ್ಕವಳಿದ್ದಾಗ ಅವರ ಕೈಯನ್ನ ನಾನು ಹಿಡಿಯುತ್ತಿದ್ದ ಜಾಗ ಅದು. ಚರುಮುರಿ ತಿಂದು ಬೆಳಗಿನವರೆಗೆ ಕೂತೆವು. ಮೊಣಕಾಲಿನ ಮಾತೇ ಬರಲಿಲ್ಲ.

ಮೈಸೂರಿನವರೇ, ನಿಮ್ಮ ಮಗಳಿಗೆ ಚೆನ್ನೆಮಣೆಯನ್ನೂ ಕಲಿಸಿ. 14 ಗುಳಿ, ಗುಳಿಗೆ 4 ಬೀಜ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಸಾಕು.

ದುಬೈ_ಮಂಡ್ಯ

ನಾನು ಬೆಳಿಗ್ಗೆ ಆರೂವರೆಗೆ ಕಾರು ಹತ್ತುತ್ತೇನೆ, ಆಗ ಊರಲ್ಲಿ ಎಂಟು. ಈ ವಾರ ಗೆಳೆಯನೊಬ್ಬ ಆಕಾಶವಾಣಿಯ ಆಪ್ ಹಾಕಿಕೊಟ್ಟ. ಮೈಸೂರು ನಿಲಯ ಸಿಕ್ಕಿತು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೋ ಅದು, ಆಕಾಶವಾಣಿ ಅನ್ನೋ ಹೆಸರು ಮೊದಲು ಬಂದಿದ್ದೂ ಅದಕ್ಕೇ. ಹಾಡಿಗಿಂತ ನನಗೆ ಇಷ್ಟವಾಗಿದ್ದು ನಡುವಿನ ಮಾತು. ಒಂದು ದಿನ ಕೇಳುಗರ ಹೆಸರು ಓದುವಾಗ ಮದ್ದೂರು ಅಂದರು. ರಸ್ತೆ ತುಂಬಾ ಎಂಟು ಸಾಲು ಗಾಡಿ, ಒಳಗೆ ಮದ್ದೂರು. ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಈಗ ಅವರೂ ಅದೇ ಹೊತ್ತಿಗೆ ರೇಡಿಯೋ ಹಾಕ್ತಾರೆ. ಅಮ್ಮನೂ ನಾನೂ ಒಂದೇ ಹಾಡು ಕೇಳ್ತಾ ಇದೀವಿ ಅಂತ ಗೊತ್ತಿದ್ದರೆ ದಾರಿ ಉದ್ದ ಅನ್ನಿಸೋದಿಲ್ಲ.

ಕವಡೆ_ಮೈಸೂರು

ಎಲ್ಲರದೂ ಅತ್ತೆಗೆ ಓದಿ ಹೇಳಿದೆ. ಸೀತನಿ ಬಗ್ಗೆ ಎರಡು ಸಲ ಓದಿಸಿಕೊಂಡರು. ಕಡಿಯೋ ನಿಯಮಕ್ಕೆ ತುಮಕೂರಿನವರು ತಮ್ಮ ಪರ ಅಂತ ಗೊತ್ತಾದಾಗ ತುಂಬಾ ಖುಷಿಪಟ್ಟರು. ನಾನು ಒಪ್ಪಿಕೊಂಡೆ, ಇನ್ನು ಕಡಿದೇ ಒಳಗೆ.

ನೆಲದ ಮೇಲಿನ ಮನೆಗಳನ್ನ ಅಳಿಸಬೇಡಿ ಅಂತ ಮಗಳು ಹೇಳಿದ್ದಾಳೆ. ದಿನಾ ಸುತ್ತಲೂ ಮಾತ್ರ ಒರೆಸುತ್ತಿದ್ದೇನೆ.