ಸಿಡಿಸಿ (ನಾವಿಕರ ಸೇವಾ ಪುಸ್ತಕ) ದಿನಾಂಕವೋ ಹಡಗು ಹೊರಟ ದಿನವೋ: 181 ಮತ್ತು 191ರ ಗೊಂದಲ

ಪಣಂಬೂರು ಥರ್ಡ್ ಎಂಜಿನಿಯರ್ (ಅಕ್ಟೋಬರ್ 2025)

ಹಿರಿಯರಿಗೆ ನಮಸ್ಕಾರ. ನಾನು ಪನಾಮಾ ಧ್ವಜದ ತೈಲ ಹಡಗೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. 2024ರ ಸೆಪ್ಟೆಂಬರ್ 26ರಂದು ನವ ಮಂಗಳೂರು ಬಂದರಿನಲ್ಲಿ ಸೈನ್ ಆನ್ ಆದೆ, ಅಂದರೆ ಹಡಗಿನ ಕೆಲಸಕ್ಕೆ ಸೇರಿದೆ. ಸರಕು ಇಳಿಸುವುದು ತಡವಾಗಿ ಹಡಗು ಯುಎಇಯ ಫುಜೈರಾಕ್ಕೆ ಹೊರಟದ್ದು ಅಕ್ಟೋಬರ್ 2ಕ್ಕೆ. ಡಿಸೆಂಬರ್‌ನಲ್ಲಿ ಮೂರು ದಿನ ಗುಜರಾತಿನ ವಾಡಿನಾರ್‌ನಲ್ಲಿ ನಿಂತಿದ್ದೆವು. 2025ರ ಮಾರ್ಚ್ 28ರಂದು ಫುಜೈರಾದಲ್ಲಿ ಸೈನ್ ಆಫ್ ಆಗಿ 29ರಂದು ಮಂಗಳೂರಿನಲ್ಲಿ ವಿಮಾನ ಇಳಿದೆ.

ರಿಟರ್ನ್ ತುಂಬಿಕೊಟ್ಟವರು ಏನನ್ನೂ ಕೇಳದೆ, ಠೇವಣಿಯ ಬಡ್ಡಿಯನ್ನಷ್ಟೇ ತೋರಿಸಿ ಐಟಿಆರ್-1ರಲ್ಲಿ ಸಲ್ಲಿಸಿಬಿಟ್ಟಿದ್ದಾರೆ. ಈಗ ಇನ್ನೊಬ್ಬ ಲೆಕ್ಕಪರಿಶೋಧಕರು, ನಾನು ಭಾರತದಲ್ಲಿ 191 ದಿನ ಇದ್ದುದರಿಂದ ನಿವಾಸಿಯಾಗುತ್ತೇನೆ, ಹಡಗಿನ ಸಂಬಳಕ್ಕೆಲ್ಲ ತೆರಿಗೆ ಕಟ್ಟಬೇಕು ಎನ್ನುತ್ತಾರೆ. ಹಡಗಿನಲ್ಲಿ ಎಲ್ಲರೂ ಹೇಳುವ ‘183 ದಿನ ಹೊರಗಿದ್ದರೆ ಸಾಕು’ ಎಂಬ ಮಾತನ್ನು ನಂಬಿ ನಾನು ನಿಶ್ಚಿಂತನಾಗಿದ್ದೆ.

ಕಾರವಾರದ ನಿವೃತ್ತ ಚೀಫ್

ಮೊದಲು ಆ 183ರ ಮಾತನ್ನು ಬಿಟ್ಟುಬಿಡಿ. ಕಾನೂನು ಎಣಿಸುವುದು ಭಾರತದಲ್ಲಿ ಇದ್ದ ದಿನಗಳನ್ನು. ಅವು 182 ಮುಟ್ಟಿದರೆ ನೀವು ನಿವಾಸಿ. ಆದ್ದರಿಂದ 365 ದಿನಗಳ ವರ್ಷದಲ್ಲಿ ಹೊರಗೆ ಕನಿಷ್ಠ 184 ದಿನ ಇರಬೇಕು. ಫೆಬ್ರವರಿ 29 ಬಂದ 2023-24ರಂಥ ವರ್ಷದಲ್ಲಿ 185. ಸರಿಯಾಗಿ 183 ದಿನ ಹೊರಗಿದ್ದು ಬಂದು ಸಿಕ್ಕಿಬೀಳುವವರು ಇದ್ದಾರೆ.

ಈಗ ನಿಮ್ಮ ಲೆಕ್ಕ. ಏಪ್ರಿಲ್ 1ರಿಂದ ಸೆಪ್ಟೆಂಬರ್ 25ರವರೆಗೆ 178 ದಿನ, ಬಂದಿಳಿದ ದಿನವನ್ನೂ ಸೇರಿಸಿ ಮಾರ್ಚ್‌ನಲ್ಲಿ 3 ದಿನ, ಒಟ್ಟು 181. ಬಂದರಿನಲ್ಲಿ ಕಾದ 7 ದಿನಗಳನ್ನೂ ವಾಡಿನಾರ್‌ನ 3 ದಿನಗಳನ್ನೂ ಅದಕ್ಕೆ ಕೂಡಿಸಿದ್ದರಿಂದ ನಿಮ್ಮವರಿಗೆ 191 ಬಂದಿದೆ. ಆದರೆ 2015ರಲ್ಲಿ ಸೇರಿಸಲಾದ ಆದಾಯ ತೆರಿಗೆ ನಿಯಮ 126ರ ಪ್ರಕಾರ, ಭಾರತದ ಬಂದರಿನಿಂದ ವಿದೇಶಿ ಬಂದರಿಗೆ ಅಥವಾ ಅಲ್ಲಿಂದ ಇಲ್ಲಿಗೆ ಸರಕನ್ನೋ ಪ್ರಯಾಣಿಕರನ್ನೋ ಒಯ್ಯುವ ಯಾನದಲ್ಲಿ, ಸಿಡಿಸಿಯಲ್ಲಿ ನಮೂದಾದ ಸೈನ್ ಆನ್ ದಿನದಿಂದ ಸೈನ್ ಆಫ್ ದಿನದವರೆಗಿನ ಅವಧಿಯನ್ನು ಭಾರತದಲ್ಲಿ ಇದ್ದ ಕಾಲವೆಂದು ಎಣಿಸುವಂತಿಲ್ಲ. ಹಡಗು ಲಂಗರು ಎತ್ತಿದ್ದು ಯಾವಾಗ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಒಂದು ವಿಷಯವನ್ನು ಖಚಿತಪಡಿಸಿ: ನಡುವೆ ಎಲ್ಲಾದರೂ ಕರಾವಳಿ ಯಾನ, ಅಂದರೆ ಒಂದು ಭಾರತೀಯ ಬಂದರಿನಿಂದ ಮತ್ತೊಂದಕ್ಕೆ ಸರಕು ಸಾಗಿಸಿದ್ದು, ಇತ್ತೇ? ಅದು ಈ ನಿಯಮದ ಯಾನದ ವ್ಯಾಖ್ಯೆಗೆ ಹೊಂದುವುದಿಲ್ಲ, ಮತ್ತು ನಿಮ್ಮ ಕೈಯಲ್ಲಿ ಒಂದು ದಿನ ಹೆಚ್ಚಾಗುವಷ್ಟೂ ಅವಕಾಶವಿಲ್ಲ.

ಪಣಂಬೂರು ಥರ್ಡ್ ಎಂಜಿನಿಯರ್

ಇಲ್ಲ ಸರ್, ವಾಡಿನಾರ್‌ಗೆ ಫುಜೈರಾದಿಂದಲೇ ಬಂದು ಅಲ್ಲಿಗೇ ಮರಳಿದೆವು. ಆದರೆ ಹಿಂದಿನ ನಾಲ್ಕು ವರ್ಷಗಳಲ್ಲಿ ನಾನು ಊರಿನಲ್ಲಿದ್ದ ದಿನಗಳು 365ನ್ನು ದಾಟಿವೆ. ಹಾಗಿದ್ದವರು ಆ ವರ್ಷ 60 ದಿನ ಇದ್ದರೂ ನಿವಾಸಿ ಎನ್ನುವ ನಿಯಮ ನನ್ನನ್ನು ಹಿಡಿಯುವುದಿಲ್ಲವೇ? ಸಂಬಳದ ಹೆಚ್ಚಿನ ಭಾಗ ಎನ್‌ಆರ್‌ಇ (ಅನಿವಾಸಿಗಳ ಬ್ಯಾಂಕ್) ಖಾತೆಗೆ ಬರುತ್ತದೆ. ಅಲಾಟ್‌ಮೆಂಟ್ ಹಣ (ಮನೆಗೆಂದು ಕಂಪನಿ ಕಳಿಸುವ ಸಂಬಳದ ಪಾಲು) ಮಾತ್ರ ಅಮ್ಮನ ಉಳಿತಾಯ ಖಾತೆಗೆ ನೇರವಾಗಿ ಹೋಗುತ್ತದೆ.

ಕಾರವಾರದ ನಿವೃತ್ತ ಚೀಫ್

60 ದಿನದ ನಿಯಮ ನಿಮಗಿಲ್ಲ. ಉದ್ಯೋಗಕ್ಕಾಗಿ ಆ ವರ್ಷ ದೇಶ ಬಿಟ್ಟು ಹೋದ ಭಾರತೀಯ ನಾಗರಿಕರಿಗೆ ಕಲಂ 6ರ ವಿವರಣೆಯು 60ರ ಬದಲು 182 ಎಂದೇ ಓದಿಕೊಳ್ಳಲು ಹೇಳುತ್ತದೆ. 60ರ ಬದಲು 120 ದಿನ ಎಂದು 2020ರಲ್ಲಿ ಬಂದ ಮಾತು, ಭಾರತಕ್ಕೆ ಭೇಟಿಗೆಂದು ಬರುವ, ವಿದೇಶಿ ಮೂಲದ್ದನ್ನು ಬಿಟ್ಟು 15 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿರುವವರಿಗೆ ಸಂಬಂಧಿಸಿದ್ದು. ಠೇವಣಿಯ ಬಡ್ಡಿಯಷ್ಟೇ ಇರುವ ನೀವು ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ನನಗೆ ಚಿಂತೆ ಇರುವುದು ಅಲಾಟ್‌ಮೆಂಟ್ ಬಗ್ಗೆ. ಅನಿವಾಸಿಯ ಸಂಬಳ ಎನ್‌ಆರ್‌ಇ ಖಾತೆಗೆ ಜಮೆಯಾಯಿತೆಂಬ ಒಂದೇ ಕಾರಣಕ್ಕೆ ತೆರಿಗೆ ಬೀಳುವುದಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2017ರ 13ನೇ ಸುತ್ತೋಲೆ ಹೇಳಿದೆ. ಆ ಮಾತು ಇರುವುದು ಎನ್‌ಆರ್‌ಇ ಖಾತೆಗೆ ಮಾತ್ರ. ಅಮ್ಮನ ಖಾತೆಗೆ ನೇರ ಬಿದ್ದ ಹಣವನ್ನು ಭಾರತದಲ್ಲೇ ಸ್ವೀಕರಿಸಿದ ಆದಾಯವೆಂದು ಅಧಿಕಾರಿ ವಾದಿಸಬಹುದು. ಮುಂದಿನ ಕರಾರಿನಿಂದ ಪೂರ್ತಿ ಸಂಬಳವನ್ನು ಎನ್‌ಆರ್‌ಇಗೆ ತರಿಸಿ, ಅಲ್ಲಿಂದ ಅಮ್ಮನಿಗೆ ಕಳಿಸಿ. ಕಳೆದ ವರ್ಷದ ಆ ಮೊತ್ತವನ್ನು ಹೇಗೆ ತೋರಿಸಬೇಕೆಂಬುದನ್ನು ನಾವಿಕರ ತೆರಿಗೆ ಬಲ್ಲ ಲೆಕ್ಕಪರಿಶೋಧಕರಲ್ಲಿ ಕೇಳಿಯೇ ತೀರ್ಮಾನಿಸಿ.

ಐಟಿಆರ್-1 ಅನಿವಾಸಿಗಳಿಗೆ ಇಲ್ಲವೇ ಇಲ್ಲ. ಡಿಸೆಂಬರ್ 31ರೊಳಗೆ ಐಟಿಆರ್-2ರಲ್ಲಿ, ಅನಿವಾಸಿ ಎಂದು ನಮೂದಿಸಿ ಪರಿಷ್ಕೃತ ರಿಟರ್ನ್ ಸಲ್ಲಿಸಿ, 30 ದಿನಗಳೊಳಗೆ ಇ-ವೆರಿಫೈ ಮಾಡಿ. ಸಿಡಿಸಿ ಪುಟಗಳು, ಕರಾರುಪತ್ರ, ಪಾಸ್‌ಪೋರ್ಟ್ ಮುದ್ರೆಗಳ ಪ್ರತಿ ತೆಗೆದಿಡಿ. ಸಿಡಿಸಿಯಲ್ಲಿ ಸೈನ್ ಆನ್ ದಿನಾಂಕ 26 ಎಂದೇ ಸ್ಪಷ್ಟವಾಗಿದೆಯೇ ನೋಡಿ. 27 ಎಂದಿದ್ದರೆ ಲೆಕ್ಕ 182ಕ್ಕೆ ಏರಿ ನಾನು ಮೇಲೆ ಬರೆದದ್ದೆಲ್ಲ ತಲೆಕೆಳಗಾಗುತ್ತದೆ.

ಪಣಂಬೂರು ಥರ್ಡ್ ಎಂಜಿನಿಯರ್ (ಎರಡು ವಾರಗಳ ನಂತರ)

ಸಿಡಿಸಿಯಲ್ಲಿ 26 ಎಂದೇ ಇದೆ. ಐಟಿಆರ್-2 ಸಲ್ಲಿಸಿ ಇ-ವೆರಿಫೈ ಮಾಡಿದೆ. ಹೊಸ ಲೆಕ್ಕಪರಿಶೋಧಕರ ಸಲಹೆಯಂತೆ, ಅಮ್ಮನ ಖಾತೆಗೆ ಹೋದ ಮೊತ್ತವನ್ನು ಆದಾಯವೆಂದು ತೋರಿಸಿ ಅದಕ್ಕೆ ಬಂದ ತೆರಿಗೆಯನ್ನು ಕಟ್ಟಿದ್ದೇನೆ. ಅಲಾಟ್‌ಮೆಂಟ್ ಬದಲಿಸಲು ಕಂಪನಿಗೆ ಪತ್ರ ಬರೆದಾಗಿದೆ, ಸರ್.