ಹಾರೋ ಹಕ್ಕಿಗೆ ಯಾವ ಲೆನ್ಸ್ ತಗೊಳ್ಳಲಿ?

ನನ್ನ ಹತ್ತಿರ ನಿಕಾನ್ ಡಿ7200 ಕ್ಯಾಮೆರಾ, ಜೊತೆಗೆ 70-300 ಮಿಲಿಮೀಟರ್ ಲೆನ್ಸ್ ಇದೆ. ಕೂತ ಹಕ್ಕಿ ಚೆನ್ನಾಗೇ ಬರುತ್ತೆ. ಹೆಬ್ಬಾಳ ಕೆರೆ ಮೇಲೆ ಹಾರೋ ಹೆಜ್ಜಾರ್ಲೆ (ಪೆಲಿಕನ್) ಮಾತ್ರ ಮಸುಕು. 200-500 ಲೆನ್ಸ್ ತಗೊಳ್ಳಲೋ, ಕ್ಯಾಮೆರಾ ಬಾಡಿನೇ ಬದಲಾಯಿಸಲೋ? ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ಅನುಭವ ಇದ್ದೋರು ಹೇಳಿ.

ಜಯನಗರದಿಂದ:
ಹೆಜ್ಜಾರ್ಲೆ ಅಷ್ಟು ದೊಡ್ಡದು, ಹಾರೋದೂ ನಿಧಾನ. ಅದೇ ಮಸುಕಾಗ್ತಿದೆ ಅಂದ್ರೆ ದುಡ್ಡು ಬಿಚ್ಚೋ ಮೊದಲು ಸೆಟ್ಟಿಂಗ್ ನೋಡಿ ಸಾರ್. ಶಟರ್ 1/2000 ಸೆಕೆಂಡ್, ಆಟೋ ಐಎಸ್‌ಒ (ಬೆಳಕಿಗೆ ತಕ್ಕ ಸೂಕ್ಷ್ಮತೆನ ಕ್ಯಾಮೆರಾನೇ ಆರಿಸುತ್ತೆ), ಎಎಫ್-ಸಿ (ಚಲಿಸೋದನ್ನ ಬಿಡದೆ ಹಿಂಬಾಲಿಸೋ ಫೋಕಸ್), 9 ಪಾಯಿಂಟ್ ಡೈನಮಿಕ್ (ಹಕ್ಕಿ ಫೋಕಸ್ ಬಿಂದುವಿಂದ ಜಾರಿದ್ರೂ ಸುತ್ತಲಿನ ಬಿಂದುಗಳು ಹಿಡಿಯುತ್ತವೆ). ಗ್ರೇನ್ (ಚಿತ್ರದಲ್ಲಿ ಕಾಳು ಕಾಳು) ಬಂದ್ರೆ ಬರಲಿ, ಅದನ್ನ ಆಮೇಲೆ ಕಮ್ಮಿ ಮಾಡಬಹುದು. ಅಲುಗಿದ ರೆಕ್ಕೆನ ಏನೂ ಮಾಡಕ್ಕಾಗಲ್ಲ.

ಸಹಕಾರನಗರದಿಂದ:
200-500 ನನ್ನ ಹತ್ತಿರ ಇದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ, 500ರಲ್ಲೂ ಎಫ್/5.6 ಸಿಗುತ್ತೆ (ಲೆನ್ಸ್ ಬಾಯಿ ತೆರೆಯೋ ಅಳತೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಆದ್ರೆ ತೂಕ 2.3 ಕೆಜಿ. ಹೆಸರಘಟ್ಟ ಹುಲ್ಲುಗಾವಲಲ್ಲಿ ಸೆಳೆವ (ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ) ಬರುತ್ತೆ ಅಂತ ಎತ್ತಿಹಿಡ್ಕೊಂಡು ನಿಂತ್ರೆ, ಅದು ಬರೋ ಹೊತ್ತಿಗೆ ತೋಳು ಸೋತಿರುತ್ತೆ. ಝೂಮ್ ರಿಂಗೂ ಉದ್ದುದ್ದ ತಿರುಗಿಸಬೇಕು. 200ರಿಂದ 500ಕ್ಕೆ ಹೋಗೋಷ್ಟರಲ್ಲಿ ಹಕ್ಕಿ ಯಲಹಂಕ ದಾಟಿರುತ್ತೆ. ಫೋಕಸ್ ಲಿಮಿಟರ್ (ಫೋಕಸ್ ಹತ್ತಿರಕ್ಕೆ ಹೋಗದಂತೆ ತಡೆಯೋ ಸ್ವಿಚ್) 6 ಮೀಟರ್‌ನಿಂದ ಆಚೆಗೆ ಇಟ್ಟು, ವಿಆರ್ (ಕೈ ನಡುಕ ತಡೆಯೋ ವ್ಯವಸ್ಥೆ) ಸ್ಪೋರ್ಟ್‌ಗೆ ಹಾಕಿದ್ರೆ ಎಷ್ಟೋ ವಾಸಿ.

ಬಸವನಗುಡಿಯಿಂದ:
ನಾನು ಒಪ್ಪಲ್ಲ. ಎಲ್ಲರೂ 500, 600 ಅಂತ ಮಿಲಿಮೀಟರ್ ಹಿಂದೆ ಬೀಳ್ತಾರೆ, ಕೈಯನ್ನ ಯಾರೂ ಕೇಳಲ್ಲ. ನಿಕಾನ್ 300 ಎಫ್/4 ಪಿಎಫ್ (ಲೆನ್ಸ್ ಹಗುರ ಮಾಡೋ ವಿಶೇಷ ಗಾಜು ಇರೋದು) ಹುಡುಕಿ. ತೂಕ ಬರೀ 755 ಗ್ರಾಂ. ನಿಮ್ಮ ಕ್ರಾಪ್ (ಚಿಕ್ಕ ಸೆನ್ಸರ್) ಬಾಡಿಲಿ ನೋಟ 450ರಷ್ಟು. 1.4 ಟೆಲಿಕನ್ವರ್ಟರ್ (ಬಾಡಿಗೂ ಲೆನ್ಸಿಗೂ ನಡುವೆ ಕೂರಿಸೋ, ಚಿತ್ರ ಹಿಗ್ಗಿಸೋ ಗಾಜು) ಹಾಕಿದ್ರೆ ಲೆನ್ಸೇ 420 ಎಫ್/5.6 ಆಗುತ್ತೆ. ಕಳ್ಳಿಪೀರ (ಬೀ-ಈಟರ್) ತಂತಿಯಿಂದ ಚಂಗನೆ ಹಾರಿ, ಹುಳ ಹಿಡಿದು, ಅದೇ ತಂತಿಗೆ ವಾಪಸ್ ಬರುತ್ತಲ್ಲ, ಅದರ ಜೊತೆ ತಿರುಗಕ್ಕೆ ಹಗುರ ಲೆನ್ಸೇ ಬೇಕು. ಒಂದೇ ಕೊರತೆ, ಸೂರ್ಯನಿಗೆ ಎದುರಾಗಿ ಹೊಡೆದ್ರೆ ಬೆಳಕಿನ ಬಳೆ ಬಳೆ ಬರುತ್ತೆ. ದುಡ್ಡಿದ್ರೆ 500 ಪಿಎಫ್, 1460 ಗ್ರಾಂ, ಆ ಮಾತೇ ಬೇರೆ.

ಶಿವಾಜಿನಗರದಿಂದ:
ಯಾವುದೇ ಆಗಲಿ, ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಿ. ಪ್ರಾಕ್ಟೀಸಿಗೆ ನಮ್ಮ ರಸೆಲ್ ಮಾರ್ಕೆಟ್ ಮೇಲೆ ಸುತ್ತೋ ಹದ್ದುಗಳೇ ಸಾಕು, ಬಿಟ್ಟಿ ಮಾಡೆಲ್‌ಗಳು. ಆಕಾಶದ ಎದುರು ಕಪ್ಪಾಗಿ ಬರ್ತವೆ, ಎಕ್ಸ್‌ಪೋಶರ್ +1 ಕೊಡಿ. ಕೆರೆಲಿ ಗಾಳಿ, ಬಿಸಿಲು ಎರಡೂ ಬೆನ್ನಿಗಿರೋ ಹಾಗೆ ನಿಲ್ಲಿ. ಹಕ್ಕಿ ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ, ಅಂದ್ರೆ ನಿಮ್ಮ ಕಡೆಗೇ.

ಕೇಳಿದವರು:
ಥ್ಯಾಂಕ್ಸ್ ಎಲ್ಲರಿಗೂ. ಈಗಷ್ಟೇ ಹಳೇ ಫೋಟೋ ತೆಗೆದು ನೋಡಿದೆ, ಶಟರ್ 1/400. ಟ್ರೈಪಾಡ್ ಬೇಕಾಗುತ್ತಾ?

ಸಹಕಾರನಗರದಿಂದ:
ಹಾರೋ ಹಕ್ಕಿಗೆ ಅದು ಅಡ್ಡಿನೇ. 200-500 ತಗೊಂಡ್ರೆ ಒಂದು ಮೊನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ಇರಲಿ, 300 ಆದ್ರೆ ಅದೂ ಬೇಡ.